ಬೌಲಿನಲ್ಲಿ ಗೋಲ್ಡ್ ಫಿಶ್ ಸತ್ತರೆ ತಪ್ಪು ಯಾರದು?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ಎರಡು ಗೋಲ್ಡ್ ಫಿಶ್, ಗಾಜಿನ ಬೌಲ್, ಬಣ್ಣದ ಕಲ್ಲು ತಂದೆವು. ‘ವಾರಕ್ಕೊಮ್ಮೆ ನೀರು ಬದಲಿಸಿ, ಮತ್ತೇನೂ ಬೇಡ’ ಅಂದರು. ನೀರೆಲ್ಲ ಚೆಲ್ಲಿ, ಬೌಲ್ ತಿಕ್ಕಿ ತೊಳೆದು, ನಲ್ಲಿ ನೀರು ತುಂಬಿದೆವು. ಮರುದಿನವೇ ಒಂದು ಸತ್ತಿತು. ಇನ್ನೊಂದು ಮೇಲೆ ಬಂದು ಬಾಯಿ ಬಿಡುತ್ತಿದೆ. ಹೋಗಿ ಕೇಳಿದರೆ ‘ನಿಮ್ಮ ಕೈಗುಣ ಸರಿ ಇಲ್ಲರೀ, ಇನ್ನೊಂದು ಜೋಡಿ ಒಯ್ಯಿರಿ’ ಅಂತಾರೆ. ತಪ್ಪು ನಮ್ಮದೇನಾ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಮೊದಲು ಉಳಿದ ಮೀನನ್ನು ನೋಡೋಣ, ಜಗಳ ಆಮೇಲೆ. ಮನೆಯಲ್ಲಿರುವ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ಆಂಟಿ ಕ್ಲೋರಿನ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ) ಹನಿ ಹಾಕಿ, ಮೀನನ್ನು ಅದಕ್ಕೆ ಬಿಡಿ. ಟಬ್ ಬಿಸಿಲಿಗೆ ಇಡಬೇಡಿ, ಒಂದು ಏರ್ ಪಂಪ್ ಹಾಕಿ. ಎರಡು ದಿನ ಫುಡ್ ಬೇಡ, ಹಸಿವಿನಿಂದ ಸಾಯಲ್ಲ. ದಿನಾ ಕಾಲು ಭಾಗ ನೀರು ಮಾತ್ರ ಬದಲಿಸಿ.

ಸತ್ತಿದ್ದು ಕೈಗುಣದಿಂದ ಅಲ್ಲ. ಮೀನು ಉಸಿರಾಡುವಾಗಲೂ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ, ಬೌಲಿನಂಥ ಸಣ್ಣ ನೀರಿನಲ್ಲಿ ಅದು ಬೇಗ ವಿಷವಾಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ, ಆದರೆ ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ಸುಮಾರು 4ರಿಂದ 6 ವಾರ ಬೇಕು. ನಿಮ್ಮ ಬೌಲಿಗೆ ಫಿಲ್ಟರೇ ಇಲ್ಲ, ಇದ್ದಬದ್ದ ಬ್ಯಾಕ್ಟೀರಿಯಾವೂ ತಿಕ್ಕಿ ತೊಳೆದಾಗ ಹೋಯಿತು. ಮೇಲಿಂದ ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅದೂ ಸಾಲದು ಅಂತ ನಮ್ಮ ಕಲಬುರಗಿ ಬಿಸಿಲು! ಗೋಲ್ಡ್ ಫಿಶ್ ತಂಪು ನೀರಿನ ಮೀನು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೇಲೆ ಬಂದು ಬಾಯಿ ಬಿಡೋದು ಅದಕ್ಕೇ.

ಚೆನ್ನಾಗಿ ಸಾಕಿದರೆ ಈ ಮೀನು 10 ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ, ಗೇಣುದ್ದ ಬೆಳೆಯುತ್ತದೆ. ಅದನ್ನು ಬೌಲಿನ ಜೊತೆ ಸೆಟ್ ಮಾಡಿ ಮಾರುವವರಿಗೆ ಇದು ಗೊತ್ತಿಲ್ಲವಾ? ದಿನಾ ಮೀನಿನ ಜೊತೆಗೇ ಇರುವವರು ಅವರು. ನೀವು ಕೇಳಿದಿರಿ, ಅವರು ಹೇಳಿದಂತೆ ಮಾಡಿದಿರಿ. ಹಾಗಾಗಿ ನನ್ನ ಲೆಕ್ಕದಲ್ಲಿ ಹೆಚ್ಚಿನ ತಪ್ಪು ಅಂಗಡಿಯದೇ.

ಕಾನೂನು ಇಲ್ಲವಾ ಅಂದರೆ, ಇದ್ದೂ ಇಲ್ಲದ ಹಾಗೆ. ಅಕ್ವೇರಿಯಂ ಅಂಗಡಿಗಳಿಗೆ ಅಂತಲೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿತ್ತು, ಆಮೇಲೆ ವಾಪಸ್ ತೆಗೆದುಕೊಂಡಿತು. 2018ರ ಪೆಟ್ ಶಾಪ್ ನಿಯಮದಲ್ಲಿ ನಾಯಿ, ಬೆಕ್ಕು, ಮೊಲ, ಹಕ್ಕಿ ಇವೆ, ಮೀನಿನ ಹೆಸರಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನ ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ, ಆದರೆ ಬೌಲಿನ ಮೀನಿಗೋಸ್ಕರ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ ಹೇಳಿ. ಇನ್ನೊಂದು ಜೋಡಿ ಮಾತ್ರ ಒಯ್ಯಬೇಡಿ.

ಪ್ರಶ್ನೆ: ನನ್ನದೇ ಅಕ್ವೇರಿಯಂ ಅಂಗಡಿ ಇದೆ. ಇಷ್ಟೆಲ್ಲ ಹೇಳುತ್ತ ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬೌಲ್ ಬೇಕು ಅಂತ ಅವರೇ ಕೇಳುತ್ತಾರೆ. ನಮ್ಮನ್ನೇ ಯಾಕೆ ಬೈತೀರಿ?
– ಬೀದರ್‌ನಿಂದ

ಉತ್ತರ: ಸುಮ್ನೆ ಬೈಯೋದಿಲ್ಲ. ಹೊಟ್ಟೆಪಾಡು ನನಗೂ ಅರ್ಥ ಆಗುತ್ತದೆ. ಆದರೆ ಪಾಠ ಮಾಡಿ ಅಂತ ಯಾರೂ ಹೇಳಿಲ್ಲವಲ್ಲ. ಟ್ಯಾಂಕ್ ಎಷ್ಟು ಲೀಟರಿನದು, ಶುರು ಮಾಡಿ ಎಷ್ಟು ದಿನವಾಯಿತು, ಒಳಗೆ ಈಗ ಯಾವ ಮೀನಿದೆ ಅಂತ ಕೇಳಿ, ಒಂದು ನಿಮಿಷದ ಮಾತು. ಟ್ಯಾಂಕ್ ಇವತ್ತೇ ಕೊಂಡರೆ ಫಿಲ್ಟರ್, ಆಂಟಿ ಕ್ಲೋರಿನ್ ಕೊಟ್ಟು ಕಳಿಸಿ, ಮೀನು ಆಮೇಲೆ ಅನ್ನಿ. ಗಿರಾಕಿ ಮತ್ತೆ ನಿಮ್ಮ ಅಂಗಡಿಗೇ ಬರುತ್ತಾನೆ, ಅಲ್ವಾ? ಜಾಗ ಕಡಿಮೆ ಅಂದವರಿಗೆ ಗೋಲ್ಡ್ ಫಿಶ್ ಬದಲು ಒಂದೇ ಒಂದು ಗಂಡು ಫೈಟರ್ (ಬೆಟ್ಟಾ ಮೀನು) ಕೊಡಿ. ಅದು ಮೇಲಿನ ಗಾಳಿಯನ್ನೂ ಉಸಿರಾಡುವ ಮೀನು, 15-20 ಲೀಟರಿನ ಟ್ಯಾಂಕಿದ್ದರೆ ಸಾಕು. ಹಾಗಂತ ಅದನ್ನೂ ಪ್ಲಾಸ್ಟಿಕ್ ಲೋಟದಲ್ಲಿ ಸಾಲಾಗಿ ಜೋಡಿಸಿಟ್ಟು ಮಾರೋದು ನನಗೆ ಒಪ್ಪಿಗೆ ಇಲ್ಲ. ಬೋರ್‌ವೆಲ್ಲಿನ ಗಡಸು ನೀರಿದ್ದವರಿಗೆ ಗಪ್ಪಿ ಅನ್ನೋ ಸಣ್ಣ ಮೀನು ಚೆನ್ನಾಗಿ ಒಗ್ಗುತ್ತದೆ. ಏನು ಹೇಳಿದರೂ ಬೌಲಿಗೆ ಗೋಲ್ಡ್ ಫಿಶ್ಶೇ ಬೇಕು ಅಂದರೆ, ಇಲ್ಲ ಅನ್ನಿ. ಆ ಒಂದು ವ್ಯಾಪಾರ ಹೋದರೆ ಹೋಗಲಿ.

ಪ್ರಶ್ನೆ: ಟ್ಯಾಂಕಿನ ಪಾಚಿ ತಿನ್ನುತ್ತದೆ ಅಂತ ಕೊಟ್ಟ ಸಕ್ಕರ್ ಮೀನು ಈಗ ಟ್ಯಾಂಕಿಗೇ ಹಿಡಿಸುತ್ತಿಲ್ಲ. ಭೀಮಾ ನದಿಗೆ ಬಿಡಬಹುದಾ?
– ಯಾದಗಿರಿಯಿಂದ

ಉತ್ತರ: ಬಿಡಲೇಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ಒಂದು ಅಡಿಗಿಂತ ಜಾಸ್ತಿ ಬೆಳೆಯುತ್ತದೆ. ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ನಮ್ಮ ಮೀನುಗಳ ಮೇವಿಗೂ ಬಾಯಿ ಹಾಕುತ್ತದೆ, ಬಲೆಗೆ ಬಿದ್ದರೆ ಮೈಮೇಲಿನ ಮುಳ್ಳಿನಿಂದ ಬಲೆ ಹರಿಯುತ್ತದೆ. ಕೆರೆಗೂ ಬೇಡ. ಕೊಟ್ಟ ಅಂಗಡಿಗೇ ಒಯ್ದು, ವಾಪಸ್ ತಗೊಳ್ಳಿ ಅಂತ ಕೇಳಿ. ದುಡ್ಡು ಕೇಳಬೇಡಿ, ಮೀನು ತಗೊಂಡರೆ ಸಾಕು. ಒಲ್ಲೆ ಅಂದರೆ ದೊಡ್ಡ ಟ್ಯಾಂಕ್ ಇಟ್ಟವರನ್ನು ಹುಡುಕಿ ಕೊಡಿ.