ಎರಡನೆಯ ಬಾರಿ ತೆಗೆದ ಕಾರ್ಡು

ನೀವು ಬರೆದ ನಾಲ್ಕೈದು ಸಾಲುಗಳಲ್ಲಿ ನನ್ನ 2016ನೇ ಇಸವಿ ಇದೆ. ಸಿಎಸ್‌ಐ ಕ್ರೈಸ್ತ ಸಭೆಯ ಮನೆಯಲ್ಲಿ ಬೆಳೆದವರು, ಒಂದು ವರ್ಷದಿಂದ ಟ್ಯಾರೋ, ಅಂದರೆ ಚಿತ್ರದ ಕಾರ್ಡು ತೆಗೆದು ಅರ್ಥ ಹೇಳುವ ವಿದ್ಯೆ, ಕಲಿಯುತ್ತಿದ್ದೀರಿ, ಒಳದನಿಯನ್ನು ನಂಬುವುದನ್ನು ಅದು ಕಲಿಸುತ್ತಿದೆ ಅನ್ನಿಸುತ್ತದೆ, ಆದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಕಳ್ಳತನ ಮಾಡಿದಂತಾಗುತ್ತದೆ. ಮಸ್ಕತ್ತಿನ ಕೆಲಸ ಒಪ್ಪಿಕೊಳ್ಳಲೇ ಎಂದು ಮೂರು ಸಲ ಕಾರ್ಡು ತೆಗೆದಿದ್ದೀರಿ. ಎರಡನೆಯ ಸಲ ‘ಸನ್’ ಬಂದಿತು, ಮೂರನೆಯ ಸಲ ‘ಟೆನ್ ಆಫ್ ಕಪ್ಸ್’ ಬಂದಿತು, ಎರಡೂ ಶುಭದ ಕಾರ್ಡುಗಳೇ, ಆದರೂ ಮನಸ್ಸು ಒಪ್ಪುತ್ತಿಲ್ಲ. ಹಾಗಾದರೆ ಒಳದನಿಯನ್ನು ನಂಬಬೇಕೋ, ಕಾರ್ಡನ್ನೋ, ದೇವರನ್ನೋ ಎಂದು ಕೇಳಿದ್ದೀರಿ.

ನಾನು ಧಾರವಾಡದವಳು. ಬಾಸೆಲ್ ಮಿಷನ್ನಿನ ಕಾಲದಿಂದ ಕ್ರೈಸ್ತರಾದ ಮನೆತನ. ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಅದರಿಂದ ಒಬ್ಬೊಬ್ಬರು ಒಂದೊಂದು ವಾಗ್ದಾನದ ಕಾರ್ಡು ತೆಗೆದುಕೊಳ್ಳಬೇಕು, ಅದರಲ್ಲಿರುವ ವಾಕ್ಯವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ನನಗೂ ಅಕ್ಕನಿಗೂ ವಾಕ್ಯ ಸಪ್ಪೆ ಅನ್ನಿಸಿದರೆ, ಅವ್ವ ಚಪ್ಪಲಿ ಹುಡುಕುವ ಹೊತ್ತಿಗೆ ಅದನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ತೆಗೆಯುತ್ತಿದ್ದೆವು. ಅದೇ ಅವ್ವ ಪೇಟೆಯಲ್ಲಿ ಗಿಳಿಶಾಸ್ತ್ರದವನು ಕಂಡರೆ ನಮ್ಮ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಈ ಎರಡರ ನಡುವಿನ ವ್ಯತ್ಯಾಸವನ್ನು ನಾನು ಆಗ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

2016ರಲ್ಲಿ ನಾನು ಬೆಂಗಳೂರಿನಲ್ಲಿ ಮನೆಯಿಂದಲೇ ಕೇಕ್ ಮಾಡಿ ಮಾರುತ್ತಿದ್ದೆ. ಕೇಕ್ ತರಗತಿಯಲ್ಲಿ ಪರಿಚಯವಾದ ಗೆಳತಿಯೊಬ್ಬಳು ಇಬ್ಬರೂ ಸೇರಿ ಬೇಕರಿ ತೆರೆಯೋಣ ಎಂದಳು. ಅಂಗಡಿಯ ಮುಂಗಡಕ್ಕೂ ಓವನ್ನಿಗೂ ನನ್ನ ಪಾಲು 4,80,000 ರೂಪಾಯಿ. ಹಣ ಕಳುಹಿಸುವ ಹಿಂದಿನ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಅಡುಗೆಮನೆಯ ಮೇಜಿನ ಮೇಲೆ ಟ್ಯಾರೋ ಕಾರ್ಡು ಕಲೆಸಿ ಒಂದನ್ನು ತೆಗೆದೆ. ‘ಸೆವೆನ್ ಆಫ್ ಸೋರ್ಡ್ಸ್’ ಬಂದಿತು. ಆ ಚಿತ್ರ ನಿಮಗೆ ಗೊತ್ತಿರುತ್ತದೆ: ಗುಡಾರಗಳ ಬಳಿಯಿಂದ ಒಬ್ಬನು ಐದು ಕತ್ತಿಗಳನ್ನು ಅವಚಿಕೊಂಡು ತುದಿಗಾಲಿನಲ್ಲಿ ನುಸುಳುತ್ತಿದ್ದಾನೆ, ಮುಖ ಮಾತ್ರ ಹಿಂದಕ್ಕೆ ತಿರುಗಿದೆ, ಎರಡು ಕತ್ತಿ ನೆಲದಲ್ಲಿ ಉಳಿದಿವೆ. ನಾನು ಅದನ್ನು ಪೂರ್ತಿ ನೋಡುವ ಮೊದಲೇ ನನ್ನ ಕೈ ಅದನ್ನು ಕಟ್ಟಿನೊಳಗೆ ತೂರಿಸಿಬಿಟ್ಟಿತ್ತು. ಎರಡನೆಯ ಸಲ ಬಂದದ್ದು ಯಾವುದೆಂದು ಈಗ ನೆನಪಿಲ್ಲ. ಮೂರನೆಯ ಸಲ ‘ಥ್ರೀ ಆಫ್ ಕಪ್ಸ್’ ಬಂದಿತು; ಮೂವರು ಹೆಂಗಸರು ಬಟ್ಟಲು ಎತ್ತಿ ಹಿಡಿದು ಕುಣಿಯುತ್ತಿರುವ ಚಿತ್ರ. ಅಲ್ಲಿಗೆ ನಿಲ್ಲಿಸಿದೆ. ಕಾರ್ಡಿನ ಮಾತಿಗೆ ದೇವರ ರುಜುವೂ ಇರಲಿ ಎಂದು ಸತ್ಯವೇದವನ್ನು (ಬೈಬಲನ್ನು) ಕಣ್ಣುಮುಚ್ಚಿ ತೆರೆದೆ. ಯೆರೆಮೀಯ 29:11 ಬಂದಿತು, ನಿಮಗೆ ಕೇಡನ್ನಲ್ಲ, ಒಳ್ಳೆಯದನ್ನೇ ಯೋಚಿಸಿದ್ದೇನೆ ಎಂದು ಕರ್ತನು ಹೇಳುವ ಮಾತು. ಕಣ್ಣೀರು ಬಂತು. ಬೆಳಿಗ್ಗೆ ಹಣ ಕಳುಹಿಸಿದೆ.

ನನ್ನ ಸತ್ಯವೇದ ಯಾವಾಗ ತೆರೆದರೂ ಅಲ್ಲಿಗೇ ತೆರೆದುಕೊಳ್ಳುತ್ತಿತ್ತು. ಹತ್ತಾರು ವರ್ಷಗಳ ವಾಗ್ದಾನದ ಕಾರ್ಡುಗಳನ್ನು ನಾನು ಆ ಪುಟದಲ್ಲೇ ಇಟ್ಟಿದ್ದೆ, ಪುಸ್ತಕದ ಬೆನ್ನು ಆ ಜಾಗದಲ್ಲಿ ಒಡೆದಿತ್ತು. ಇನ್ನು ಅದರ ಹಿಂದಿನ ವಚನವನ್ನು ನಾನು ಓದಲೇ ಇಲ್ಲ. ಆ ಒಳ್ಳೆಯದು ಬರುವುದು ಬಾಬೆಲಿನ ಸೆರೆಯ ಎಪ್ಪತ್ತು ವರ್ಷ ಮುಗಿದ ಮೇಲೆ ಎಂದು ಅಲ್ಲಿ ಬರೆದಿದೆ.

ಬೇಕರಿ ಐದು ತಿಂಗಳು ನಡೆಯಿತು. ಕರಾರು ಅವಳೊಬ್ಬಳ ಹೆಸರಿನಲ್ಲಿತ್ತು, ಮುಂಗಡ ಅವಳಿಗೇ ಹಿಂತಿರುಗಿತು, ಓವನ್ ಎಲ್ಲಿಗೆ ಹೋಯಿತೆಂದು ಇವತ್ತಿಗೂ ತಿಳಿಯದು. ನನ್ನ ಪಾಲಿನಲ್ಲಿ ಕೈಗಡ ತಂದಿದ್ದ ಭಾಗವನ್ನು ತೀರಿಸಲು ಅವ್ವ ತನ್ನ ಎರಡು ಬಳೆ ಮಾರಿದಳು, ಮಾರಿ ಬಂದು ಒಂದೇ ಮಾತು ಕೇಳಿದಳು: “ಇಸ್ಪೀಟಿನ ಎಲಿ ನೋಡಿ ರೊಕ್ಕಾ ಕೊಟ್ಟಿ ಏನು?”

ಹೌದು ಎಂದೆ. ಆದರೆ ಆ ಉತ್ತರ ಸರಿಯಲ್ಲ, ನನ್ನ ತಪ್ಪು ಇರುವುದು ಬೇರೆ ಕಡೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕಾರ್ಡು ತೆಗೆದದ್ದು ಈ ನಷ್ಟಕ್ಕೆ ಕಾರಣವಲ್ಲ. ಮೊದಲ ಕಾರ್ಡಿನ ಮಾತು ಕೇಳಲಿಲ್ಲ ಎಂಬುದೂ ಕಾರಣವಲ್ಲ. ಏಕೆಂದರೆ ಕಾರ್ಡಿಗೆ ಏನೂ ಗೊತ್ತಿರಲಿಲ್ಲ, ಅದು ರಟ್ಟಿನ ತುಂಡು, 78ರಲ್ಲಿ ಒಂದು. ಗೊತ್ತಿದ್ದದ್ದು ನನಗೆ. ಬಾಡಿಗೆ ಒಮ್ಮೆ 28,000 ಎಂದೂ ಮತ್ತೊಮ್ಮೆ 32,000 ಎಂದೂ ಅವಳು ಹೇಳಿದ್ದನ್ನು ನನ್ನ ಕಿವಿ ಕೇಳಿತ್ತು. ‘ನಿನ್ನ ಹೆಸರನ್ನು ಆಮೇಲೆ ಸೇರಿಸೋಣ’ ಎಂದಾಗ ಹೊಟ್ಟೆಯಲ್ಲಿ ಏನೋ ಕದಲಿತ್ತು. ‘ನಿಮ್ಮ ಮನೆಯವರಿಗೆ ಈಗಲೇ ಹೇಳಬೇಡ’ ಎಂದಾಗ ನಾನು ವಿಷಯ ಬದಲಿಸಿದ್ದೆ. ಕತ್ತಿ ಹೊತ್ತು ಓಡುವವನ ಚಿತ್ರ ಈ ಮೂರನ್ನೂ ಒಟ್ಟಿಗೆ ಮೇಲಕ್ಕೆ ತಂದಿತು, ಅಷ್ಟೇ. ಬೇರೆ ಯಾವುದೋ ಚಿತ್ರ ಬಂದಿದ್ದರೂ ತರುತ್ತಿತ್ತೋ ಏನೋ. ಆ ರಾತ್ರಿ ಒಳದನಿ ಮಾತಾಡಿದ್ದು ಕಾರ್ಡಿನಲ್ಲಿ ಅಲ್ಲ, ಅದನ್ನು ಅಷ್ಟು ಅವಸರದಿಂದ ಮುಚ್ಚಿಟ್ಟ ನನ್ನ ಕೈಯಲ್ಲಿ. ಎರಡನೆಯ ಸಲ ಕೇಳಿದ್ದೇ ನನ್ನ ತಪ್ಪು. ಎರಡನೆಯ ಸಲ ಕಾರ್ಡು ತೆಗೆಯುವವಳು ಪ್ರಶ್ನೆ ಕೇಳುತ್ತಿರುವುದಿಲ್ಲ, ತನಗೆ ಬೇಕಾದ ಉತ್ತರ ಬರುವ ತನಕ ಬುಟ್ಟಿಗೆ ಕೈ ಹಾಕುತ್ತಿರುತ್ತಾಳೆ. ನಾನು ಅದನ್ನು ಕಲಿತದ್ದು ಟ್ಯಾರೋದಿಂದ ಅಲ್ಲ, ದೇವಾಲಯದ ಬಾಗಿಲಲ್ಲಿ.

ಆಗ ನಾನು ಸತ್ಯವೇದದ ಗಿದ್ಯೋನನನ್ನು ಅಡ್ಡ ಇಟ್ಟುಕೊಂಡಿದ್ದೆ. ಇಸ್ರಾಯೇಲರನ್ನು ದೇವರು ತನ್ನ ಕೈಯಿಂದ ಬಿಡಿಸುವುದು ನಿಜವೇ ಎಂದು ತಿಳಿಯಲು ಅವನೂ ಕುರಿಯ ಉಣ್ಣೆಯನ್ನು ಕಣದಲ್ಲಿ ಹಾಕಿ ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ ಎಂದ, ಮರುರಾತ್ರಿ ನೆಲ ಮಾತ್ರ ನೆನೆಯಲಿ ಎಂದ. ದೇವರು ಎರಡಕ್ಕೂ ಒಪ್ಪಿದನು. ನ್ಯಾಯಸ್ಥಾಪಕರು ಆರನೆಯ ಅಧ್ಯಾಯವನ್ನು ಮತ್ತೆ ಓದಿದಾಗ, ಎರಡನೆಯ ಸಲ ಕೇಳುವ ಮುನ್ನ ಅವನು ‘ಕೋಪಿಸಿಕೊಳ್ಳಬೇಡ’ ಎಂದು ಬೇಡಿಕೊಳ್ಳುವುದು ಕಣ್ಣಿಗೆ ಬಿತ್ತು. ತಾನು ಮಾಡುತ್ತಿರುವುದು ಏನೆಂದು ಅವನಿಗೆ ತಿಳಿದಿತ್ತು. ಅಲ್ಲದೆ ಬಂದ ಉತ್ತರ ಅವನಿಗೆ ಬೇಡವಾಗಿರಲಿಲ್ಲ, ಅದಕ್ಕೆ ಹೆದರಿ ಕೇಳಿದ. ನಾನು ಬಂದ ಉತ್ತರ ಬೇಡವಾಗಿ ಕೇಳಿದೆ. ಮತ್ತೀಯನನ್ನು ಚೀಟು ಹಾಕಿಯೇ ಅಪೊಸ್ತಲನನ್ನಾಗಿ ಆರಿಸಿದರಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಅಲ್ಲಿ ಇಬ್ಬರೇ ಇದ್ದರು, ಯಾರು ಬಂದರೂ ಸರಿ ಎಂದು ಮೊದಲೇ ಒಪ್ಪಿ, ಪ್ರಾರ್ಥಿಸಿ, ಒಂದೇ ಸಲ ಚೀಟು ಹಾಕಿದರು. ಪವಿತ್ರಾತ್ಮನು ಇಳಿದು ಬಂದ ಮೇಲೆ ಅವರು ಚೀಟು ಹಾಕಿದ ಪ್ರಸ್ತಾಪ ಆ ಕಥೆ ಇರುವ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಮತ್ತೆಲ್ಲೂ ಬರುವುದಿಲ್ಲ.

ಆದ್ದರಿಂದ ಕಾರ್ಡೋ, ದೇವರೋ, ಒಳದನಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಭವಿಷ್ಯ ಕೇಳಲು ಕಾರ್ಡು ಹಾಕಬಾರದು ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ. ಕಣಿ ಹೇಳುವುದನ್ನು ನಿಷೇಧಿಸುವ ಧರ್ಮೋಪದೇಶಕಾಂಡದ 18ನೇ ಅಧ್ಯಾಯವನ್ನು ನನ್ನ ಅನುಕೂಲಕ್ಕೆ ಬಗ್ಗಿಸಲು ನಾನು ಸಿದ್ಧಳಿಲ್ಲ, ಕಥೋಲಿಕರ ಧರ್ಮೋಪದೇಶ ಗ್ರಂಥದ 2116ನೇ ಪರಿಚ್ಛೇದವೂ ಅದನ್ನೇ ಹೇಳುತ್ತದೆ. ಸತ್ಯವೇದವನ್ನು ಕಣ್ಣುಮುಚ್ಚಿ ತೆರೆದು ಬೆರಳಿಡುವುದೂ ಅದೇ ಜಾತಿಯದು ಎಂದು ನಾನು ತಿಳಿದಿದ್ದೇನೆ, ನಮ್ಮ ಸಭೆಯ ಹಿರಿಯರಿಗೆ ಈ ಮಾತು ರುಚಿಸುವುದಿಲ್ಲ. ಹಾಗೆಂದು ಆ ಚಿತ್ರಗಳನ್ನು ನಾನು ಸುಡಲಿಲ್ಲ.

ಟ್ಯಾರೋ ಈಜಿಪ್ಟಿನ ಗುಪ್ತವಿದ್ಯೆ ಎಂದು ನಿಮಗೆ ಕಲಿಸುವವರು ಹೇಳಿದ್ದರೆ ನಂಬಬೇಡಿ. ಅದು ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಇಸ್ಪೀಟಿನಂಥ ಆಟ. ಈಜಿಪ್ಟಿನ ಕಥೆಯನ್ನು 1781ರಲ್ಲಿ ಒಬ್ಬ ಫ್ರೆಂಚ್ ಪಂಡಿತ ಹಬ್ಬಿಸಿದ. ಅವ್ವ ಅದನ್ನು ಇಸ್ಪೀಟಿನ ಎಲೆ ಎಂದದ್ದು ಚರಿತ್ರೆಯ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ನಾನೂ ನೀವೂ ನೋಡುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು, ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಎರಡು ವರ್ಷಗಳ ನಂತರ ಆಕೆ ಕಥೋಲಿಕ ಸಭೆಗೆ ಸೇರಿದಳು. ‘ಏಸ್ ಆಫ್ ಕಪ್ಸ್’ನಲ್ಲಿ ಪಾರಿವಾಳವೊಂದು ಶಿಲುಬೆಯ ಗುರುತಿನ ಅಪ್ಪವನ್ನು ಪಾತ್ರೆಗೆ ಇಳಿಸುತ್ತಿದೆ, ‘ಹೈ ಪ್ರೀಸ್ಟೆಸ್’ನ ಎರಡು ಕಂಬಗಳು ಸೊಲೊಮೋನನ ದೇವಾಲಯದ ಯಾಕೀನ್ ಮತ್ತು ಬೋವಜ್, ‘ವರ್ಲ್ಡ್’ನ ನಾಲ್ಕು ಮೂಲೆಗಳಲ್ಲಿ ಮನುಷ್ಯ, ಸಿಂಹ, ಹೋರಿ, ಹದ್ದು, ಯೆಹೆಜ್ಕೇಲನ ದರ್ಶನದಲ್ಲಿ ಬರುವಂತೆಯೇ. ಭಾನುವಾರದ ಶಾಲೆಯಲ್ಲಿ ಕಲಿತವಳಿಗೆ ಇವು ಪರಕೀಯವಲ್ಲ.

ನಷ್ಟವಾದ ವರ್ಷ ನನ್ನನ್ನು ಹಿಡಿದದ್ದು ‘ಫೈವ್ ಆಫ್ ಪೆಂಟಕಲ್ಸ್’. ಹಿಮದಲ್ಲಿ ಇಬ್ಬರು ಬಡವರು, ಒಬ್ಬ ಊರುಗೋಲಿನವನು, ಒಬ್ಬಳು ಬರಿಗಾಲಿನವಳು. ಅವರ ಪಕ್ಕದಲ್ಲೇ ಬೆಳಕು ತುಂಬಿದ ಬಣ್ಣದ ಗಾಜಿನ ಕಿಟಕಿ, ಇಬ್ಬರೂ ಅದರ ಕಡೆ ನೋಡುತ್ತಿಲ್ಲ. ನಾಚಿಕೆಯಿಂದ ನಾಲ್ಕು ತಿಂಗಳು ಆರಾಧನೆಗೆ ಹೋಗದೆ ಇದ್ದ ನಾನು ಆ ಕಾರ್ಡನ್ನು ಕಲೆಸಿ ತೆಗೆಯಲಿಲ್ಲ. ಕಟ್ಟನ್ನೆಲ್ಲ ಮೇಜಿನ ಮೇಲೆ ಹರಡಿ, ಮುಖ ಮೇಲಾಗಿಸಿ, ಹುಡುಕಿ ಎತ್ತಿಕೊಂಡೆ. ಈಗಲೂ ಹಾಗೆಯೇ ಮಾಡುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ: ಕಲೆಸಬೇಡಿ. ಕಣ್ಣು ತೆರೆದು ಒಂದು ಚಿತ್ರ ಆರಿಸಿ, ಕಾಲು ಗಂಟೆ ನೋಡಿ, ಎಲ್ಲಿ ಕಣ್ಣು ನಿಲ್ಲುತ್ತದೆ, ಎಲ್ಲಿಂದ ಜಾರಿಕೊಳ್ಳುತ್ತದೆ ಎಂದು ಬರೆದಿಡಿ, ಆಮೇಲೆ ಆ ಹಾಳೆಯನ್ನು ಪ್ರಾರ್ಥನೆಗೆ ತೆಗೆದುಕೊಂಡು ಹೋಗಿ.

ಒಳದನಿಯನ್ನು ಪರೀಕ್ಷಿಸುವ ಬಗೆಯನ್ನು ನಾನು ಕಲಿತದ್ದು ಯೇಸುಸಭೆಯನ್ನು (ಜೆಸ್ಯುಟ್) ಸ್ಥಾಪಿಸಿದ ಸಂತ ಇಗ್ನೇಷಿಯಸರ ಕಥೆಯಿಂದ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ತೋಪಿನ ಗುಂಡಿಗೆ ಕಾಲು ಮುರಿದು, ಲೊಯೋಲದ ಮನೆಯಲ್ಲಿ ಮಲಗಿದ್ದಾಗ ಅವರು ಎರಡು ಬಗೆಯ ಹಗಲುಗನಸು ಕಾಣುತ್ತಿದ್ದರು: ಅರಮನೆಯ ಹೆಣ್ಣಿಗಾಗಿ ಸಾಹಸ ಮಾಡುವುದು ಒಂದು, ಸಂತರಂತೆ ಬದುಕುವುದು ಇನ್ನೊಂದು. ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ನೆಮ್ಮದಿ ಉಳಿಯುತ್ತಿತ್ತು. ‘ಥ್ರೀ ಆಫ್ ಕಪ್ಸ್’ ಬಂದಾಗ ನನಗಾದ ಸಂತೋಷ ಬೆಳಗಿನ ಕಾಫಿಯ ತನಕವೂ ಇರಲಿಲ್ಲ. ಹಣ ಕಳುಹಿಸುವಾಗ ಕೈ ನಡುಗುತ್ತಿತ್ತು. ಒಂದು ವಾರ ಕಾದಿದ್ದರೆ, ಆ ಮೂರು ಮಾತುಗಳನ್ನು ನಮ್ಮ ಯಜಮಾನರ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ, ಸಾಕಿತ್ತು.

ಮಸ್ಕತ್ತಿನ ಸಂಬಳ, ವೀಸಾ, ಇಲ್ಲಿನ ಕೆಲಸ ಇವುಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ನಾನೂ ತೂಗಿ ಹೇಳಲಾರೆ. ಆದರೆ ಮೂರು ಸಲ ಕಾರ್ಡು ತೆಗೆದಿರೆಂದು ಬರೆದು, ಎರಡನೆಯದರ ಹೆಸರನ್ನೂ ಮೂರನೆಯದರ ಹೆಸರನ್ನೂ ಬರೆದಿದ್ದೀರಿ. ಮೊದಲನೆಯ ಸಲ ಯಾವುದು ಬಂದಿತ್ತು?