ಬೋರ್ ನಮ್ಮಲ್ಲಿ ಓಕೆ, ಕಸ್ಟಮರ್ ಹತ್ತಿರ ರಿಜೆಕ್ಟ್: ಸಿಎಂಎಂ ಕೊಳ್ಳಬೇಕೇ?

ನೀವು ಕೇಳಿದ್ದು ಇಷ್ಟು: ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಿಮ್ಮ ಶಾಪ್, ಎರಕದ ಕಬ್ಬಿಣದ ಸ್ಪಿಂಡಲ್ ಹೌಸಿಂಗ್ ಕೆಲಸ. ಬೇರಿಂಗ್ ಕೂರುವ ಬೋರ್ (ದುಂಡು ರಂಧ್ರ) 110 ಎಚ್6, ಸಿಎನ್‌ಸಿ ಲೇತ್‌ನಲ್ಲಿ ಮೂರು ಜಾ (ಹಿಡಿಯುವ ದವಡೆ) ಇರುವ ಚಕ್‌ಗೆ ಹಿಡಿದು ಫಿನಿಶ್ ಮಾಡುತ್ತೀರಿ. ಎದುರುಬದುರು ಎರಡು ಬಿಂದು ಮುಟ್ಟಿ ವ್ಯಾಸ ಅಳೆಯುವ ನಿಮ್ಮ ಡಯಲ್ ಬೋರ್ ಗೇಜ್‌ನಲ್ಲಿ ಎಲ್ಲ ಪೀಸೂ ಲಿಮಿಟ್ ಒಳಗೆ. ಚಾಕಣದ ಕಸ್ಟಮರ್ ಸಿಎಂಎಂನಲ್ಲಿ (ಬಿಂದು ಬಿಂದು ಮುಟ್ಟಿ ಅಳೆಯುವ ಕಂಪ್ಯೂಟರ್ ಯಂತ್ರ) ಅಳೆದಾಗ ಹತ್ತಕ್ಕೆ ಎರಡು ಮೂರು ವಾಪಸ್, ಹೆಚ್ಚಿನವು ಅಂಡರ್‌ಸೈಜ್, ಅಂದರೆ ಬೋರ್ ಚಿಕ್ಕದು. ಸಿಎಂಎಂ ಕೊಂಡರೆ ಇದು ನಿಲ್ಲುತ್ತದೆಯೇ?

ಈಗಲೇ ಬೇಡ. ತಗಡಿನ ಶೆಡ್ಡಿನಲ್ಲಿ, ಎಸಿ ಇಲ್ಲದ ಮೂಲೆಯಲ್ಲಿ ಇಟ್ಟ ಸಿಎಂಎಂ ಇದೇ ಸುಳ್ಳನ್ನು ಇನ್ನೊಂದು ದಶಾಂಶ ಸ್ಥಾನ ಸೇರಿಸಿ ಹೇಳುತ್ತದೆ. ಮೊದಲು ಬಿಸಿ ನೋಡಿ, ಆಮೇಲೆ ಬೋರಿನ ಆಕಾರ ನೋಡಿ. ನಿಮ್ಮ ವಿವರ ಓದಿದರೆ ಎರಡೂ ಇರುವ ಹಾಗೆ ಕಾಣುತ್ತದೆ.

110 ಎಚ್6 ಅಂದರೆ 110 ಮಿ.ಮೀ. ವ್ಯಾಸ, ಲಿಮಿಟ್ 0ಯಿಂದ +22 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಡ್ರಾಯಿಂಗ್‌ನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟದ್ದು. ಕಾಸ್ಟಿಂಗ್ ಬೆಳಗಾವಿಯಿಂದ ಬರಲಿ, ಕೊಲ್ಹಾಪುರದಿಂದ ಬರಲಿ, 110 ಮಿ.ಮೀ. ವ್ಯಾಸದ ಎರಕದ ಕಬ್ಬಿಣ ಒಂದು ಡಿಗ್ರಿಗೆ ಸುಮಾರು 1.2 ಮೈಕ್ರಾನ್ ಹಿಗ್ಗುತ್ತದೆ. ಈಗ ಲೆಕ್ಕ ಹಾಕಿ. ಲೇತ್‌ನಿಂದ ಆಗಷ್ಟೇ ಇಳಿಸಿದ ಪೀಸ್ 38 ಡಿಗ್ರಿ, ಡಯಲ್ ಗೇಜನ್ನು ಝೀರೋ ಮಾಡಲು ಬಳಸುವ, ಬೆಂಚಿನ ಮೇಲಿನ ರಿಂಗ್ ಗೇಜ್ (ನಿಖರ ವ್ಯಾಸದ ಉಂಗುರ) 30 ಡಿಗ್ರಿ. ವ್ಯತ್ಯಾಸ 8 ಡಿಗ್ರಿ, ಅಂದರೆ 9 ಮೈಕ್ರಾನ್‌ಗೂ ತುಸು ಹೆಚ್ಚು. ಗೇಜ್ +4 ತೋರಿಸುತ್ತದೆ, ಆಪರೇಟರ್ ಹಸಿರು ಟ್ಯಾಗ್ ಕಟ್ಟುತ್ತಾನೆ, ಪೀಸ್ ತಣ್ಣಗಾದ ಮೇಲೆ ಅದು −5. ಚಾಕಣದಲ್ಲಿ ಸಿಗುವುದು ಈ −5. ಹೆಚ್ಚಾಗಿ ಅಂಡರ್‌ಸೈಜ್ ಕಡೆಗೇ ರಿಜೆಕ್ಷನ್ ಬರುತ್ತಿರುವುದು ಇದಕ್ಕೆ ತಾಳೆಯಾಗುತ್ತದೆ.

ಇದಕ್ಕೆ ಇಡೀ ಶಾಪಿಗೆ ಎಸಿ ಹಾಕಿಸಬೇಕಿಲ್ಲ. ರಿಂಗ್ ಗೇಜ್ ಉಕ್ಕಿನದು, ಪೀಸ್ ಎರಕದ ಕಬ್ಬಿಣದ್ದು, ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಎರಡೂ 32 ಡಿಗ್ರಿಯಲ್ಲಿದ್ದರೆ ಉಳಿಯುವ ದೋಷ ಒಂದೂವರೆ ಮೈಕ್ರಾನ್ ಒಳಗೇ. ಅಂದರೆ ಎರಡೂ ಒಂದೇ ಬಿಸಿಯಲ್ಲಿ ಇರಬೇಕು, ಅಷ್ಟೇ. ಪೀಸ್ ತೊಳೆದು ಒರೆಸಿ ಗ್ರಾನೈಟ್ ಪ್ಲೇಟ್ ಮೇಲೆ ಇಡಿ, ರಿಂಗ್ ಗೇಜೂ ಅದೇ ಪ್ಲೇಟ್ ಮೇಲೆ ಇರಲಿ. ಈ ಗಾತ್ರದ ಹೌಸಿಂಗ್‌ಗೆ ಎರಡು ಗಂಟೆ ಬಿಡಿ. ಕಾಂಟ್ಯಾಕ್ಟ್ ಥರ್ಮಾಮೀಟರ್‌ನಿಂದ ಎರಡನ್ನೂ ಮುಟ್ಟಿ ನೋಡಿ, ವ್ಯತ್ಯಾಸ 1 ಡಿಗ್ರಿ ಒಳಗೆ ಬಂದ ಮೇಲೆ ಅಳೆಯಿರಿ. ರಿಂಗನ್ನು ಅಂಗೈಯಲ್ಲಿ ಹಿಡಿದುಕೊಂಡು ಮಾತಾಡುತ್ತ ನಿಲ್ಲುವ ಅಭ್ಯಾಸ ಬಿಡಿಸಿ. ರಿಂಗನ್ನು ಎಸಿ ಕ್ಯಾಬಿನ್‌ನಲ್ಲಿ ಜೋಪಾನವಾಗಿಟ್ಟು ಬೇಕಾದಾಗ ಹೊರಗೆ ತರುವುದು ಇನ್ನೂ ಕೆಟ್ಟದ್ದು. 22 ಡಿಗ್ರಿಯ ರಿಂಗ್‌ಗೆ ಝೀರೋ ಮಾಡಿ 34 ಡಿಗ್ರಿಯ ಪೀಸ್ ಅಳೆದರೆ ಸುಮಾರು 14 ಮೈಕ್ರಾನ್ ಅಲ್ಲೇ ಹೋಯಿತು. ಅಲ್ಯೂಮಿನಿಯಂ ಕೆಲಸ ಬಂದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ.

ಇನ್ನು ಆಕಾರ. ಎಷ್ಟೋ ಇನ್ಸ್‌ಪೆಕ್ಟರ್‌ಗಳಿಗೂ ಇದು ತಲೆಗೆ ಹೋಗುವುದಿಲ್ಲ. ಗೋಡೆ ತೆಳುವಾಗಿರುವ ಹೌಸಿಂಗನ್ನು ಮೂರು ಜಾ ಒತ್ತಿದಾಗ ಅದು ಮೂರು ಕಡೆ ಒಳಕ್ಕೆ ಸರಿಯುತ್ತದೆ. ಹಾಗೆ ಸರಿದಿರುವಾಗಲೇ ನೀವು ಬೋರನ್ನು ಗುಂಡಗೆ ಕೊರೆಯುತ್ತೀರಿ. ಚಕ್ ಬಿಚ್ಚಿದ ಕೂಡಲೇ ಗೋಡೆ ತನ್ನ ಜಾಗಕ್ಕೆ ಮರಳುತ್ತದೆ, ಬೋರ್ ಮೂರು ಉಬ್ಬಿನದಾಗುತ್ತದೆ. ಇಂಥ ಆಕಾರದಲ್ಲಿ ಒಂದು ಉಬ್ಬಿನ ಎದುರಿಗೆ ಸರಿಯಾಗಿ ಒಂದು ತಗ್ಗು ಇರುತ್ತದೆ. ಹಾಗಾಗಿ ಎರಡು ಬಿಂದುವಿನ ಡಯಲ್ ಬೋರ್ ಗೇಜನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಮುಳ್ಳು ಅಲ್ಲಾಡುವುದಿಲ್ಲ.

ಹಿಡಿಯುವುದು ಸುಲಭ. ಮೂರು ಬಿಂದುವಿನ ಬೋರ್ ಮೈಕ್ರೋಮೀಟರ್ ತನ್ನಿ, ಒಂದು ರೀಡಿಂಗ್ ತೆಗೆದುಕೊಳ್ಳಿ, 60 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆದುಕೊಳ್ಳಿ. ಎರಡರ ನಡುವೆ 8 ಮೈಕ್ರಾನ್ ವ್ಯತ್ಯಾಸವಿದ್ದರೆ ಬೋರಿನ ರೌಂಡ್‌ನೆಸ್ ದೋಷ (ಉಬ್ಬು ಮತ್ತು ತಗ್ಗಿನ ತ್ರಿಜ್ಯಗಳ ವ್ಯತ್ಯಾಸ) ಸುಮಾರು 4. ಹಾಗಂತ ಡಯಲ್ ಗೇಜ್ ಎಸೆಯಬೇಡಿ: ಅಂಡಾಕಾರವನ್ನು ಅದು ಹಿಡಿಯುತ್ತದೆ, ಮೂರು ಬಿಂದುವಿನದು ಹಿಡಿಯುವುದಿಲ್ಲ. ಐದು ಉಬ್ಬಿನದು ಎರಡಕ್ಕೂ ಸಿಗದು, ಅದಕ್ಕೆ ರೌಂಡ್‌ನೆಸ್ ಟೆಸ್ಟರೇ ಬೇಕು. ನಿಮ್ಮ ಚಕ್‌ನಿಂದ ಅದು ಬರುವ ಸಂಭವ ಕಡಿಮೆ.

ಪರಿಹಾರ ಚಕ್‌ನಲ್ಲೇ ಇದೆ. ಪೀಸನ್ನು ಅಪ್ಪಿ ಹಿಡಿಯುವ ಅಗಲದ ಸಾಫ್ಟ್ ಜಾ (ಪೀಸಿನ ಆಕಾರಕ್ಕೆ ಕೊರೆದುಕೊಳ್ಳುವ ಮೆತ್ತನೆ ಲೋಹದ ಜಾ) ಹಾಕಿ, ಫಿನಿಶ್‌ಗೆ ಬಳಸುವ ಒತ್ತಡದಲ್ಲೇ ಅವನ್ನು ಕೊರೆಯಿರಿ. ರಫ್ ಆದ ಮೇಲೆ ಒಮ್ಮೆ ಪೂರ್ತಿ ಬಿಚ್ಚಿ, ಒತ್ತಡ ಇಳಿಸಿ ಮತ್ತೆ ಹಿಡಿದು ಫಿನಿಶ್ ಕಟ್ ಕೊಡಿ. ಪೀಸ್‌ಗಳ ಸಂಖ್ಯೆ ಹೆಚ್ಚಿದ್ದರೆ ಫ್ಲೇಂಜನ್ನು ಮುಂದಿನಿಂದ ಒತ್ತಿ ಹಿಡಿಯುವ ಫಿಕ್ಸ್‌ಚರ್ ಮಾಡಿಸಿ. ಖರ್ಚಿಗೆ ತಕ್ಕ ಫಲ ಕೊಡುವುದು ಇದೇ.

ಕಸ್ಟಮರ್‌ನ ಕ್ವಾಲಿಟಿ ಸಾಹೇಬರಿಗೂ ನಾಲ್ಕು ಪ್ರಶ್ನೆ ಕೇಳಿ, ಮುಜುಗರ ಬೇಡ. ಪೀಸ್ ಎಷ್ಟು ಹೊತ್ತು ರೂಮಿನಲ್ಲಿತ್ತು? ಬೋರಿನಲ್ಲಿ ಎಷ್ಟು ಬಿಂದು ಮುಟ್ಟಿದಿರಿ, ಯಾವ ಆಳದಲ್ಲಿ? ವ್ಯಾಸ ಲೆಕ್ಕ ಹಾಕಿದ್ದು ಲೀಸ್ಟ್ ಸ್ಕ್ವೇರ್‌ನಿಂದಲೋ (ಎಲ್ಲ ಬಿಂದುಗಳ ಸರಾಸರಿ ವೃತ್ತ), ಮ್ಯಾಕ್ಸಿಮಮ್ ಇನ್‌ಸ್ಕ್ರೈಬ್ಡ್‌ನಿಂದಲೋ (ಬೋರಿನೊಳಗೆ ಹಿಡಿಸುವ ಅತಿ ದೊಡ್ಡ ವೃತ್ತ)? ಮೂರು ಉಬ್ಬಿನ ಬೋರಿನಲ್ಲಿ ಎರಡನೆಯದು ಚಿಕ್ಕ ವ್ಯಾಸ ಕೊಡುತ್ತದೆ. 4 ಮೈಕ್ರಾನ್ ರೌಂಡ್‌ನೆಸ್‌ಗೆ ವ್ಯಾಸದಲ್ಲಿ 4 ಮೈಕ್ರಾನ್ ಕಮ್ಮಿ. ಇನ್ನು ಡ್ರಾಯಿಂಗ್ ಯಾವ ಸ್ಟ್ಯಾಂಡರ್ಡ್? ಐಎಸ್‌ಒ ಪ್ರಕಾರವಿದ್ದು, ಅಳತೆಯ ಪಕ್ಕ ವೃತ್ತದೊಳಗೆ ‘ಇ’ ಗುರುತು ಇಲ್ಲದಿದ್ದರೆ, ಐಎಸ್‌ಒ 14405-1ರಂತೆ ಎಣಿಕೆಗೆ ಬರುವುದು ಎರಡು ಬಿಂದುವಿನ ಅಳತೆಯೇ. ಎಎಸ್‌ಎಂಇ ವೈ14.5 ಡ್ರಾಯಿಂಗ್ ಆದರೆ ಎನ್ವಲಪ್ ನಿಯಮ (ಲಿಮಿಟ್‌ನ ಚಿಕ್ಕ ಅಳತೆಯ ಪರಿಪೂರ್ಣ ಸಿಲಿಂಡರ್ ಬೋರಿನೊಳಗೆ ಹಿಡಿಸಬೇಕು ಎಂಬುದು; ಆ ‘ಇ’ ಗುರುತಿನ ಅರ್ಥವೂ ಇದೇ) ತಾನಾಗಿಯೇ ಅನ್ವಯಿಸುತ್ತದೆ, ಆಗ ಅವರ ಮಾತೇ ಸರಿ. ಆದರೂ, ವಾದದಲ್ಲಿ ಗೆದ್ದರೂ ಬೇರಿಂಗ್ ಕೂರುವುದು ಆ ಉಬ್ಬುತಗ್ಗಿನ ಬೋರಿನಲ್ಲೇ ಅನ್ನುವುದು ನೆನಪಿರಲಿ.

ಐದು ಪೀಸಿಗೆ ನಂಬರ್ ಹಾಕಿ, ಅಳೆಯುವ ದಿಕ್ಕು ಮತ್ತು ಆಳವನ್ನು ಮಾರ್ಕರ್‌ನಿಂದ ಗುರುತಿಸಿ, ಇಬ್ಬರೂ ಅದೇ ಜಾಗದಲ್ಲಿ ಅಳೆದು ಅಂಕಿ ಪಕ್ಕಪಕ್ಕ ಇಡಿ. ಐದರಲ್ಲೂ ಒಂದೇ ವ್ಯತ್ಯಾಸ ಬಂದರೆ ಬಿಸಿ ಅಥವಾ ರಿಂಗ್‌ನ ದೋಷ. ಒಂದೊಂದಕ್ಕೆ ಒಂದೊಂದು ಬಂದರೆ ಆಕಾರ, ಇಲ್ಲವೇ ಅಳೆಯುವವರ ಕೈ.

ಕೈಯ ವಿಷಯಕ್ಕೆ ಗೇಜ್ ಆರ್ ಆಂಡ್ ಆರ್ (ಗೇಜ್ ಮತ್ತು ಅಳೆಯುವವರಿಂದಲೇ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿ: 10 ಪೀಸ್, 3 ಜನ, ತಲಾ 3 ಬಾರಿ, ಹಿಂದಿನ ರೀಡಿಂಗ್ ಯಾರಿಗೂ ಕಾಣದಂತೆ. ಫಲಿತಾಂಶ 10 ಶೇಕಡದ ಒಳಗಿದ್ದರೆ ಒಳ್ಳೆಯದು, 30 ದಾಟಿದರೆ ಆ ಗೇಜ್‌ನಿಂದ ಎಚ್6 ನಿರ್ಧರಿಸಬೇಡಿ. ಹೆಚ್ಚಾಗಿ ತಪ್ಪುವುದು ಗೇಜನ್ನು ಬೋರಿನೊಳಗೆ ಆಚೀಚೆ ತೂಗಾಡಿಸುವಾಗ. ಮುಳ್ಳು ಓಡಿ ಹಿಂದಿರುಗುವ ಜಾಗವೇ ಅಳತೆ. ಗಡಿಬಿಡಿಯಲ್ಲಿ ಅದಕ್ಕಿಂತ ಮೊದಲೇ ಓದಿಬಿಡುತ್ತಾರೆ.

ಆಫ್‌ಸೆಟ್ (ಯಂತ್ರದಲ್ಲಿ ಟೂಲ್‌ನ ಜಾಗಕ್ಕೆ ಕೊಡುವ ತಿದ್ದುಪಡಿ) ಬಗ್ಗೆ ಒಂದೇ ಮಾತು: ಪ್ರತಿ ಪೀಸಿಗೂ 2 ಮೈಕ್ರಾನ್ ಹಿಂದೆ ಮುಂದೆ ಮಾಡುವುದನ್ನು ನಿಲ್ಲಿಸಿ, ಹಾಗೆ ಮಾಡಿದರೆ ಹರವು ಇನ್ನೂ ಹೆಚ್ಚುತ್ತದೆ. ನಿಮ್ಮ ಬ್ಯಾಚ್ ಚಿಕ್ಕದು, ಹಾಗಾಗಿ ಒಂದೊಂದೇ ಪೀಸಿನ ಚಾರ್ಟ್ ಸಾಕು. ಅಕ್ಕಪಕ್ಕದ ಪೀಸ್‌ಗಳ ವ್ಯತ್ಯಾಸದ ಸರಾಸರಿಯನ್ನು 2.66ರಿಂದ ಗುಣಿಸಿ, ಒಟ್ಟು ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಆ ಗೆರೆ ದಾಟಿದಾಗ ಮಾತ್ರ ಆಫ್‌ಸೆಟ್‌ಗೆ ಕೈ ಹಾಕಿ. ಬೆಳಗಿನ ಪಾಳಿಯಲ್ಲಿ ಸ್ಪಿಂಡಲ್ ಅರ್ಧ ಗಂಟೆ ಖಾಲಿ ಓಡಲಿ, ಅದರಲ್ಲೂ ಪುಣೆಯ ಡಿಸೆಂಬರ್‌ನಲ್ಲಿ. ಗುರಿ +11 ಇರಲಿ. ಅಳತೆಯ ಅನಿಶ್ಚಿತತೆ 4 ಮೈಕ್ರಾನ್ ಅಂತ ಬಂದರೆ +4ರಿಂದ +18ರ ಒಳಗಿನದನ್ನಷ್ಟೇ ಕಳಿಸಿ.

ಹಣ ಹಾಕುವುದಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಆದ 110ರ ರಿಂಗ್, ಆ ಮೂರು ಬಿಂದುವಿನ ಮೈಕ್ರೋಮೀಟರ್, ಸಾಫ್ಟ್ ಜಾ. ವಾಪಸ್ ಬಂದ ಪೀಸ್‌ಗಳನ್ನು ಸ್ಕ್ರ್ಯಾಪ್‌ಗೆ ಹಾಕಬೇಡಿ. ತಣ್ಣಗಾದ ಮೇಲೆ ಅಳೆದು −5 ಇದ್ದದ್ದನ್ನು ಹೋನಿಂಗ್‌ಗೆ (ಸಾಣೆಕಲ್ಲಿನಿಂದ ಬೋರನ್ನು ತುಸುವೇ ಉಜ್ಜಿ ಹಿಗ್ಗಿಸುವುದು) ಕೊಡಿ. ಲೇತ್‌ಗೆ ಮತ್ತೆ ಏರಿಸಿ 5 ಮೈಕ್ರಾನ್ ತೆಗೆಯಲು ಹೋದರೆ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಕತ್ತರಿಸುವುದಿಲ್ಲ, ಬರೀ ಮೇಲ್ಮೈ ತಿಕ್ಕುತ್ತದೆ.