ಮೂರು ಬಗೆಯ ಗುಂಡುಗಳನ್ನು ಒಂದೇ ಉದ್ದಕ್ಕೆ ಕೂರಿಸಿ ಹೋಲಿಸುವುದು ಸರಿಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನಿಮ್ಮ 9 ಎಂಎಂ ಪಿಸ್ತೂಲಿಗಾಗಿ 115, 124 ಮತ್ತು 147 ಗ್ರೇನ್ (ಗುಂಡಿನ ತೂಕಕ್ಕೆ ಬಳಸುವ ಸಣ್ಣ ಅಳತೆ) ತೂಕದ ಮೂರು ಬಗೆಯ ಗುಂಡುಗಳನ್ನು ತಂದು, ಮದ್ದು ತುಂಬಿದ ಹಿತ್ತಾಳೆಯ ಕೇಸಿನಲ್ಲಿ ಮೂರನ್ನೂ ಕಾಡತೂಸಿನ ಒಟ್ಟು ಉದ್ದ 28.5 ಮಿ.ಮೀ. ಆಗುವಂತೆ ಕೂರಿಸಿ, 25 ಗಜ ದೂರದಿಂದ ಐದೈದು ಹೊಡೆದು ನೋಡಿದ್ದೀರಿ. 124 ಗ್ರೇನಿನ ಐದು ತೂತುಗಳು ಮಿಕ್ಕವಕ್ಕಿಂತ ಹತ್ತಿರ ಬಿದ್ದಿವೆ. ಈಗ ಅದನ್ನೇ ಇನ್ನೂ ಅರ್ಧ ಮಿಲಿಮೀಟರ್ ಒಳಕ್ಕೆ ಕೂರಿಸಿದರೆ ಇನ್ನಷ್ಟು ಬಿಗಿಯಾದೀತೇ ಎಂದು ಕೇಳಿದ್ದೀರಿ. ಈಗಿರುವ ಮದ್ದಿನ ಪ್ರಮಾಣವನ್ನು ಹಾಗೆಯೇ ಇಟ್ಟುಕೊಂಡು ಈ ಪ್ರಯೋಗವನ್ನು ದಯವಿಟ್ಟು ಮಾಡಬೇಡಿ. ಮಾಡಲೇಬೇಕೆಂದಿದ್ದರೆ, ಆ ಮದ್ದಿಗೆ ಮತ್ತು ಆ ಗುಂಡಿಗೆ ತಯಾರಕರ ಕೈಪಿಡಿಯಲ್ಲಿ ಕೊಟ್ಟಿರುವ ಆರಂಭದ ಪ್ರಮಾಣಕ್ಕೆ ಇಳಿದು ಅಲ್ಲಿಂದ ಹೊಸದಾಗಿ ಶುರುಮಾಡಿ.

ನಿಮ್ಮ ಹೋಲಿಕೆಯ ಮುಖ್ಯ ತೊಡಕು ಏನೆಂದರೆ, ಕ್ಯಾಲಿಪರಿನಲ್ಲಿ ಅಳೆಯುವ ಒಟ್ಟು ಉದ್ದವೇ ಬೇರೆ, ಗುಂಡು ಕೇಸಿನೊಳಗೆ ಎಷ್ಟು ಇಳಿದಿದೆ ಎಂಬುದೇ ಬೇರೆ. ಕೇಸಿನ ಉದ್ದಕ್ಕೆ ಗುಂಡಿನ ಉದ್ದವನ್ನು ಕೂಡಿಸಿ, ಅದರಲ್ಲಿ ಒಟ್ಟು ಉದ್ದವನ್ನು ಕಳೆದರೆ ಉಳಿಯುವುದೇ ಆಳ. ನಿಮ್ಮ ಕೇಸುಗಳು 19.1 ಮಿ.ಮೀ. ಇವೆ ಎಂದಿಟ್ಟುಕೊಳ್ಳೋಣ. 115 ಗ್ರೇನಿನ ಗುಂಡು 13.9 ಮಿ.ಮೀ. ಉದ್ದವಿದ್ದರೆ ಅದು ಒಳಗೆ 4.5 ಮಿ.ಮೀ. ಇಳಿದಿರುತ್ತದೆ, 15 ಮಿ.ಮೀ. ಉದ್ದದ 124 ಗ್ರೇನಿನದು 5.6 ಮಿ.ಮೀ.; 16.7 ಮಿ.ಮೀ. ಉದ್ದದ 147 ಗ್ರೇನಿನದು 7.3 ಮಿ.ಮೀ. ಅಂದರೆ ಹೊರಗಿನಿಂದ ಒಂದೇ ಅಳತೆ ತೋರುವ ಮೂರು ಕಾಡತೂಸುಗಳ ಒಳಗೆ ಮದ್ದಿಗೆ ಉಳಿದಿರುವ ಜಾಗ ಮೂರು ತೆರನಾಗಿದೆ. ಗುಂಡಿನ ಉದ್ದ ಅದರ ಆಕಾರ ಮತ್ತು ತಯಾರಕರಿಗೆ ತಕ್ಕಂತೆ ಬದಲಾಗುವುದರಿಂದ, ನನ್ನ ಈ ಅಂಕಿಗಳನ್ನು ನಂಬದೆ ನಿಮ್ಮ ಪೆಟ್ಟಿಗೆಯಿಂದಲೇ ಕೆಲವು ಗುಂಡುಗಳನ್ನು ತೆಗೆದು ಅಳೆಯಿರಿ.

9 ಎಂಎಂ ಕೇಸು ಚಿಕ್ಕದು, ಒತ್ತಡವೋ ಹೆಚ್ಚು. ಅಮೆರಿಕದ ಕೈಗಾರಿಕಾ ಮಾನದಂಡದಲ್ಲಿ ಅದರ ಮಿತಿ ಚದರ ಇಂಚಿಗೆ 35,000 ಪೌಂಡ್. ಇಷ್ಟು ಚಿಕ್ಕ ಜಾಗದಲ್ಲಿ ಅರ್ಧ ಮಿಲಿಮೀಟರ್ ಸಣ್ಣ ವಿಷಯವಲ್ಲ. ಗುಂಡು ತಯಾರಿಸುವ ಸ್ಪಿಯರ್ ಕಂಪನಿಯ ಪರೀಕ್ಷೆಯೊಂದು ಕಾಡತೂಸು ತುಂಬುವವರ ನಡುವೆ ಬಹಳ ಕಾಲದಿಂದ ಪ್ರಸಿದ್ಧವಾಗಿದೆ: ತಾಮ್ರದ ಕ್ರಷರ್ ಅಳತೆಯಲ್ಲಿ (ತಾಮ್ರದ ತುಂಡು ಎಷ್ಟು ಜಜ್ಜಿತೆಂದು ನೋಡಿ ಒತ್ತಡ ಅಳೆಯುವ ಹಳೆಯ ವಿಧಾನ; ಇದರ ಅಂಕಿಗಳನ್ನು ಮೇಲಿನ ಪೌಂಡ್ ಅಂಕಿಗೆ ನೇರವಾಗಿ ಹೋಲಿಸಲಾಗದು) 28,000 ತೋರಿಸುತ್ತಿದ್ದ 9 ಎಂಎಂ ಕಾಡತೂಸಿನ ಗುಂಡನ್ನು ಬೇಕೆಂದೇ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರಿನಷ್ಟು, ಹೆಚ್ಚು ಆಳಕ್ಕೆ ತಳ್ಳಿದಾಗ ಒತ್ತಡ 62,000ಕ್ಕೆ ಏರಿತು. ಎಲ್ಲ ಮದ್ದುಗಳೂ ಇಷ್ಟೇ ಉಗ್ರವಾಗಿ ವರ್ತಿಸುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಬೇಗ ಉರಿಯುವ ಮದ್ದನ್ನು ಕೈಪಿಡಿಯ ಗರಿಷ್ಠ ಮಟ್ಟಕ್ಕೆ ಹತ್ತಿರವಾಗಿ ಹಾಕಿರುವವರು ಗುಂಡನ್ನು ಒಳಕ್ಕೆ ತಳ್ಳುವುದೆಂದರೆ, ಅಳತೆ ನೋಡದೆ ಮದ್ದು ಸುರಿದಷ್ಟೇ ಅಪಾಯ. ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ನೋಡಿ ಒತ್ತಡವನ್ನು ಊಹಿಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ; ಪಿಸ್ತೂಲಿನಲ್ಲಿ ಆ ಚಿಹ್ನೆ ಕಾಣಿಸುವ ಹೊತ್ತಿಗೆ ಮಿತಿ ದಾಟಿಹೋಗಿರಬಹುದು, ಮೃದುವಾದ ಪ್ರೈಮರಿನಲ್ಲಿ ಅದು ಸುಮ್ಮಸುಮ್ಮನೆಯೂ ಕಾಣಿಸಬಹುದು. 147 ಗ್ರೇನಿನ ವಿಷಯದಲ್ಲಿ ಇನ್ನೊಂದು ಮಾತಿದೆ: ತಳದತ್ತ ಹೋದಂತೆ ಕೇಸಿನ ಗೋಡೆ ದಪ್ಪವಾಗುವುದರಿಂದ, ಉದ್ದನೆಯ ಗುಂಡು ಅಲ್ಲಿಯವರೆಗೆ ಇಳಿದರೆ ಕೇಸು ಉಬ್ಬಿ ಚೇಂಬರಿನಲ್ಲಿ (ಬ್ಯಾರೆಲ್ಲಿನ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗ) ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಉದ್ದವನ್ನು ನಿರ್ಧರಿಸುವುದು ಹೇಗೆ? ಹೊರಗಿನ ಮಿತಿಯನ್ನು ನಿಮ್ಮ ಬ್ಯಾರೆಲ್ಲೇ ಹೇಳುತ್ತದೆ. ಮಾನದಂಡದ ಗರಿಷ್ಠ ಉದ್ದ 29.69 ಮಿ.ಮೀ. ಎಂದಿದ್ದರೂ, ಸಿಝಡ್ ಕಂಪನಿಯ ಪಿಸ್ತೂಲುಗಳಂತೆ ರೈಫ್ಲಿಂಗ್ (ಬ್ಯಾರೆಲ್ಲಿನ ಒಳಗಿನ ಸುರುಳಿ ಗೀರುಗಳು) ಬೇಗ ಶುರುವಾಗುವ ಬ್ಯಾರೆಲ್ಲುಗಳಲ್ಲಿ ಆ ಉದ್ದದ ಕಾಡತೂಸು ಪೂರ್ತಿ ಕೂರುವುದೇ ಇಲ್ಲ. ಬ್ಯಾರೆಲನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಪ್ರೈಮರ್ ಮತ್ತು ಮದ್ದು ಎರಡೂ ಇಲ್ಲದ ಮಾದರಿ ಕಾಡತೂಸನ್ನು ಬೀಳಬಿಡಿ. ಅದು ಟಕ್ಕೆಂದು ಕೂತು, ಬೆರಳಿನಿಂದ ಸಲೀಸಾಗಿ ತಿರುಗಿ, ಬ್ಯಾರೆಲ್ ಮಗುಚಿದರೆ ತಾನಾಗಿ ಹೊರಬೀಳಬೇಕು. ತಿರುಗಿಸುವಾಗ ಕಚ್ಚಿಕೊಂಡರೆ ಗುಂಡು ರೈಫ್ಲಿಂಗಿಗೆ ತಾಗುತ್ತಿದೆ ಎಂದರ್ಥ. ಚಪ್ಪಟೆ ಮೂತಿಯ, ಭುಜ ದಪ್ಪಗಿರುವ ಗುಂಡು ದುಂಡು ಮೂತಿಯದಕ್ಕಿಂತ ಬೇಗ ತಾಗುವುದರಿಂದ ಈ ಪರೀಕ್ಷೆಯನ್ನು ಪ್ರತಿ ಗುಂಡಿಗೂ ಬೇರೆಯಾಗಿಯೇ ಮಾಡಬೇಕು. ಸಿಕ್ಕ ಉದ್ದಕ್ಕಿಂತ ಸ್ವಲ್ಪ ಕಡಿಮೆ ಇಟ್ಟುಕೊಂಡು, ಮ್ಯಾಗಜೀನಿನಿಂದ ಸರಾಗವಾಗಿ ಏರುತ್ತದೆಯೇ ಎಂದು ನೋಡಿದರೆ ಒಂದು ಕೊನೆ ಸಿಕ್ಕಿತು. ಇನ್ನೊಂದು ಕೊನೆ, ಕೈಪಿಡಿಯಲ್ಲಿ ಆ ಗುಂಡಿಗೆ ಬರೆದಿರುವ ಉದ್ದ. ಅದಕ್ಕಿಂತ ಗಿಡ್ಡ ಮಾಡಿದರೆ ಆ ಪುಟದ ಮದ್ದಿನ ಅಂಕಿಗಳು ನಿಮಗೆ ಅನ್ವಯಿಸುವುದಿಲ್ಲ. ಅದಕ್ಕಿಂತ ಬ್ಯಾರೆಲ್ಲಿನ ಮಿತಿಯೇ ಗಿಡ್ಡವಾಗಿದ್ದರೆ, ಆರಂಭದ ಪ್ರಮಾಣವನ್ನೂ ಮತ್ತಷ್ಟು ತಗ್ಗಿಸಬೇಕು ಅಥವಾ ಗುಂಡನ್ನೇ ಬದಲಿಸಬೇಕು. ರೈಫಲ್ಲಿನವರು ಈ ಎರಡು ಕೊನೆಗಳ ನಡುವೆ ಕೂದಲೆಳೆಯಷ್ಟು ಸರಿಸಿ ಸರಿಸಿ ಹುಡುಕುವುದುಂಟು. 25 ಗಜದ ಪಿಸ್ತೂಲಿನಲ್ಲಿ ಆ ಶ್ರಮಕ್ಕೆ ಫಲ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಯಾವ ಗುಂಡು ಎಂಬ ಆಯ್ಕೆ ಮಾಡುವಷ್ಟು ವ್ಯತ್ಯಾಸವನ್ನು ಆಳದ ಬದಲಾವಣೆ ಮಾಡುವುದನ್ನು ನಾನು ಕಂಡಿಲ್ಲ.

ಇನ್ನು ಐದು ಹೊಡೆತದ ವಿಚಾರ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ಎಲ್ಲ ರೀತಿಯಲ್ಲೂ ಒಂದೇ ಆಗಿರುವ ಕಾಡತೂಸುಗಳಿಂದ ಐದೈದರ ಗುಂಪುಗಳನ್ನು ಹೊಡೆಯುತ್ತ ಹೋದರೂ, ಅವುಗಳ ಅಗಲ ಸರಾಸರಿಯಿಂದ ಕಾಲು ಭಾಗದಷ್ಟು ಹಿಗ್ಗುವುದು, ಕುಗ್ಗುವುದು ತೀರ ಸಾಮಾನ್ಯ. ಒಂದು ಸಲ 50 ಮಿ.ಮೀ., ಮರುಸಲ 75 ಮಿ.ಮೀ. ಬಂದರೆ ಕಾಡತೂಸು ಕೆಟ್ಟಿತೆಂದು ಅರ್ಥವಲ್ಲ. ತೀರ ಹೊರಗಿನ ಎರಡೇ ತೂತುಗಳ ಅಂತರವನ್ನು ಅಳೆಯುವುದರಿಂದ ಮಿಕ್ಕ ಮೂರರ ಸಾಕ್ಷ್ಯ ವ್ಯರ್ಥವಾಗುತ್ತದೆ. ಅದರ ಬದಲು ಪ್ರತಿ ಬಗೆಯಲ್ಲೂ ಕನಿಷ್ಠ ಇಪ್ಪತ್ತು ಹೊಡೆದು, ಎಲ್ಲ ತೂತುಗಳ ನಡುವಿನ ಕೇಂದ್ರವನ್ನು ಗುರುತಿಸಿ, ಅಲ್ಲಿಂದ ಒಂದೊಂದು ತೂತಿಗೂ ಇರುವ ದೂರದ ಸರಾಸರಿಯನ್ನು ತೆಗೆಯಿರಿ. ಮೊದಲು 115, ಆಮೇಲೆ 124, ಕೊನೆಗೆ 147 ಎಂಬ ಕ್ರಮದಲ್ಲಿ ಹೊಡೆದರೆ ಕೈಯ ದಣಿವೆಲ್ಲ ಕೊನೆಯದರ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಐದೈದಾಗಿ ಸರದಿಯ ಮೇಲೆ ಹೊಡೆಯಿರಿ. ಪಿಸ್ತೂಲನ್ನು ಮರಳುಚೀಲದ ಮೇಲೆ ಪ್ರತಿಸಲವೂ ಒಂದೇ ರೀತಿ ಇಡಿ. ರೇಂಜಿನಲ್ಲಿ ಯಾರ ಬಳಿಯಾದರೂ ರ‍್ಯಾನ್ಸಮ್ ರೆಸ್ಟ್ (ಪಿಸ್ತೂಲನ್ನು ಕೈಯ ಬದಲು ಬಿಗಿಯಾಗಿ ಹಿಡಿದಿಡುವ ಸಾಧನ) ಇದ್ದು ನಿಮ್ಮ ಪಿಸ್ತೂಲಿನ ಹಿಡಿಗೆ ಹೊಂದುವಂತಿದ್ದರೆ ಇನ್ನೂ ಒಳ್ಳೆಯದು.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಖಂಡಿತ ಬಳಸಿ, ಆದರೆ ಅದು ತೋರಿಸುವ ವೇಗದ ಏರಿಳಿತವನ್ನು ಗುರಿಯ ನಿಖರತೆಯೊಂದಿಗೆ ತಳಕುಹಾಕಬೇಡಿ. ಸೆಕೆಂಡಿಗೆ 1,050 ಅಡಿ ಮತ್ತು 1,080 ಅಡಿ ವೇಗದ ಎರಡು ಗುಂಡುಗಳು 25 ಗಜ ಸಾಗುವಷ್ಟರಲ್ಲಿ ಗುರುತ್ವದಿಂದ ಇಳಿಯುವ ದೂರದ ವ್ಯತ್ಯಾಸ ಲೆಕ್ಕ ಹಾಕಿದರೆ 1.4 ಮಿಲಿಮೀಟರಿನ ಆಸುಪಾಸು ಬರುತ್ತದೆ. ನಿಮ್ಮ ಗುಂಪಿನ ಅಗಲದ ಮುಂದೆ ಅದು ನಗಣ್ಯ. ಕ್ರೋನೋಗ್ರಾಫಿನ ನಿಜವಾದ ಉಪಯೋಗ ಎರಡು. ಕೈಪಿಡಿಯಲ್ಲಿ ಹೇಳಿರುವುದಕ್ಕಿಂತ ವೇಗ ಹೆಚ್ಚು ಬರುತ್ತಿದ್ದರೆ ಒತ್ತಡವೂ ಹೆಚ್ಚಿರಬಹುದೆಂಬ ಎಚ್ಚರಿಕೆ ಸಿಗುತ್ತದೆ. ಸ್ಪರ್ಧೆಗೆ ಹೋಗುವವರಿಗೆ ಪವರ್ ಫ್ಯಾಕ್ಟರ್ ಗೊತ್ತಾಗುತ್ತದೆ: ಗ್ರೇನಿನಲ್ಲಿ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು, 124 ಗ್ರೇನ್ 1,050 ಅಡಿ ವೇಗದಲ್ಲಿ ಹೋದರೆ 130.2 ಆಗುತ್ತದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಕೇಸುಗಳೆಲ್ಲ ಒಂದೇ ತಯಾರಕರವಾಗಿರಲಿ, ಪ್ರೈಮರ್ ಒಂದೇ ಬಗೆಯದಾಗಿರಲಿ. ಗುಂಡನ್ನು ಕೇಸಿನಲ್ಲಿ ಕೂರಿಸುವ ಅಚ್ಚಾದ ಸೀಟಿಂಗ್ ಡೈಯೊಳಗಿನ ಒತ್ತುಕಡ್ಡಿಯ ತುದಿ ಗುಂಡಿನ ಮೂತಿಗೆ ಹೊಂದುತ್ತದೆಯೇ ಎಂದೂ ನೋಡಿ. ದುಂಡು ಮೂತಿಗೆ ಮಾಡಿದ ಕಡ್ಡಿಯಿಂದ ಚಪ್ಪಟೆ ಮೂತಿಯನ್ನು ಒತ್ತಿದರೆ ಗುಂಡು ಓರೆಯಾಗಿ ಕೂರುವುದಲ್ಲದೆ ಉದ್ದವೂ ಕಾಡತೂಸಿನಿಂದ ಕಾಡತೂಸಿಗೆ ಬದಲಾಗುತ್ತದೆ. ತಾಮ್ರದ ತೆಳುಲೇಪನವಿರುವ ಗುಂಡುಗಳಿಗೆ ಕ್ರಿಂಪ್ (ಕೇಸಿನ ಬಾಯನ್ನು ಗುಂಡಿನ ಸುತ್ತ ಬಿಗಿಯುವುದು) ಹೆಚ್ಚಾದರೆ ಲೇಪನ ಹರಿದು, ಗುಂಡು ಅಡ್ಡಡ್ಡ ಹಾರುತ್ತದೆ. ಕೇಸಿನ ಹಿಡಿತ ಸಾಕಷ್ಟಿದೆಯೇ ಎಂದು ತಿಳಿಯಲು, ಅದೇ ಮಾದರಿ ಕಾಡತೂಸಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಮತ್ತೆ ಅಳೆಯಿರಿ. ಉದ್ದ ಕುಗ್ಗಿದ್ದರೆ, ಮ್ಯಾಗಜೀನಿನಿಂದ ಚೇಂಬರಿಗೆ ಏರುವಾಗಲೂ ಗುಂಡು ಒಳಸರಿಯುತ್ತದೆ. ಆಗ ನೀವು ಎಷ್ಟು ಜೋಪಾನವಾಗಿ ಆಳವನ್ನು ಹೊಂದಿಸಿದ್ದರೂ ಹೊಡೆಯುವ ಕ್ಷಣದಲ್ಲಿ ಇರುವುದು ಬೇರೆಯದೇ ಆಳ.

ಇದನ್ನು ಭಾರತದಿಂದ ಓದುತ್ತಿರುವವರಿಗೆ ಒಂದು ಮಾತು: ಅಮೆರಿಕದಲ್ಲಿ ಸ್ವಂತ ಬಳಕೆಗೆ ಕಾಡತೂಸು ತುಂಬಲು ಕೇಂದ್ರದ ಲೈಸೆನ್ಸ್ ಬೇಡ, ಮಾರುವ ವ್ಯವಹಾರಕ್ಕೆ ಬೇಕು, ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ.

147 ಗ್ರೇನಿನ ಗುಂಡುಗಳು ಮಿಕ್ಕವಕ್ಕಿಂತ ಮೇಲೆ ಬಿದ್ದದ್ದೇಕೆ ಎಂದೂ ಕೇಳಿದ್ದೀರಿ. ಭಾರದ ಗುಂಡು ನಿಧಾನವಾಗಿ ಹೊರಡುವುದರಿಂದ, ಅದು ಬ್ಯಾರೆಲ್ ಬಿಡುವಷ್ಟರಲ್ಲಿ ಪಿಸ್ತೂಲಿನ ಮೂತಿ ಒದೆತಕ್ಕೆ ಇನ್ನಷ್ಟು ಮೇಲೆದ್ದಿರುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಗುಂಪಿನ ಅಗಲಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ಗುಂಡು ಎಂದು ತೀರ್ಮಾನವಾಗುವವರೆಗೆ ಸೈಟುಗಳನ್ನು ಮುಟ್ಟದೆ, ಮೂರಕ್ಕೂ ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆಯಿರಿ.